ಬಂಡೆಮೇಲಿನ ಮನೆಗಳಿಗೆ ಸಹಿ ಹಾಕಿದವರು

ಕಳೆದ ತಿಂಗಳು ಹೊಸಕೋಟೆ ಕಡೆಯಿಂದ ಬಂದಿದ್ದ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರು ಮಾತಿನ ನಡುವೆ, "ನಿಮ್ಮ ಹೆಲ್ತ್ ಸಾಹೇಬರು ಹೋಗ್ಬಿಟ್ರಲ್ಲ" ಎಂದರು. ಯಾವಾಗ ಎಂದು ಕೇಳಿದೆ. ಆಗಲೇ ಒಂದು ವರ್ಷವಾಗಿತ್ತಂತೆ. ವ್ಯಾಪಾರಿ ಮುಂದಿನ ಸೀರೆಯ ಮಡಿಕೆ ಬಿಚ್ಚಿದರು. ನನ್ನ ಮನೆಯವಳು ಅದರ ಅಂಚು ನೋಡುತ್ತಿದ್ದಳು. ಒಂದು ವರ್ಷ ತಡವಾಗಿ ತಿಳಿದ ಸಾವಿಗೆ ಹೇಗೆ ಮುಖ ಮಾಡಬೇಕೋ ತೋಚದೆ ನಾನು ಎದ್ದು ಹಿತ್ತಲಿಗೆ ಹೋದೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಇವುಗಳ ಸುತ್ತಿನ ಒಂದು ಊರು ಎಂದಿಟ್ಟುಕೊಂಡರೆ ಸಾಕು. ಆಗಿನವರಲ್ಲಿ ಕೆಲವರು ಇನ್ನೂ ಇದ್ದಾರೆ. ಯಾರನ್ನೂ ನೋಯಿಸುವ ಶಕ್ತಿ ಈಗ ನನ್ನಲ್ಲಿ ಉಳಿದಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ನಾನು ಊರಿನ ಪುರಸಭೆಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಅವರು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು. ಚರಂಡಿ, ಕಕ್ಕಸು, ಬಾವಿ, ಮಾಂಸದ ಅಂಗಡಿ, ಪ್ಲೇಗಿನ ಇಲಿ, ಎಲ್ಲವೂ ಅವರ ಪಾಲಿಗೆ. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಮಾತಾಡುತ್ತಿದ್ದರು. ಬರೆಯಲು ಕೂತರೆ ಮಾತ್ರ ಕೈ ತಡೆಯುತ್ತಿತ್ತು, ಕಲಿತದ್ದು ಉರ್ದು ಶಾಲೆಯಲ್ಲಿ. ಹಾಗಾಗಿ ಅವರ ವರದಿಗಳನ್ನು ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು.

ಎತ್ತರದ ಮನುಷ್ಯ, ಬೆನ್ನು ಸ್ವಲ್ಪ ಬಾಗಿತ್ತು. ಖಾಕಿ ಕೋಟು, ಬೆಂಡಿನ ಹ್ಯಾಟು. ಯಾವಾಗ ನೋಡಿದರೂ ಬಹಳ ದೂರ ನಡೆದು ಈಗ ತಾನೇ ಬಂದವರ ಹಾಗೆ ಕಾಣುತ್ತಿದ್ದರು. ಸೈಕಲ್ಲಿತ್ತು, ಆದರೆ ಬಡವರ ಕೇರಿಯ ಬಾಯಿಗೆ ಬಂದೊಡನೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. "ಸೈಕಲ್ ಮೇಲೆ ಬಂದ್ರೆ ಪೋಲೀಸು ಅಂದ್ಕೊಂಡು ಓಡ್ತಾರೆ. ಓಡೋರ ಹತ್ರ ನಾನೇನು ಮಾತಾಡ್ಲಿ?" ಎನ್ನುತ್ತಿದ್ದರು. ಯಾರ ಮನೆಗೆ ಹೋದರೂ ಕೂರುತ್ತಿದ್ದರು. ಕೂರಲು ಏನೂ ಇಲ್ಲದಿದ್ದರೆ ಹೊಸಿಲ ಮೇಲೆ.

ಮೊದಲ ವಾರವೇ ನನಗೊಂದು ಪಾಠವಾಯಿತು. ಒಂದು ಓಣಿಯ ವರದಿ ಹೇಳುತ್ತಿದ್ದರು. ನಾನು ಚುರುಕು ತೋರಿಸಲು ಹೋಗಿ "ಬಹಳ ಕೊಳಕಾಗಿದೆ" ಎಂದು ನನ್ನದೇ ಒಂದು ವಾಕ್ಯ ಸೇರಿಸಿದೆ. ಓದಿಸಿ ಕೇಳಿದವರು ಕೈ ಎತ್ತಿದರು.

"ಕೊಳಕು ಅಂತ ಬರೀಬೇಡಪ್ಪ. ಅದು ನಿನ್ನ ಮೂಗಿನ ಸಮಾಚಾರ. ಅಲ್ಲಿ ಏನಿತ್ತು, ಅದನ್ನ ಬರಿ. ಚರಂಡಿ ಕಲ್ಲು ಎಷ್ಟು ದೂರಕ್ಕೆ ಕಿತ್ತಿದೆ, ನೀರು ಎಲ್ಲಿ ನಿಂತಿದೆ, ಅದರ ಪಕ್ಕ ಯಾರ ಒಲೆ ಇದೆ. ಅಷ್ಟು ಬರಿ ಸಾಕು."

ಅಂದಿನಿಂದ ನಾನು ಅಷ್ಟನ್ನೇ ಬರೆದೆ. ಅವರು ಇರುವವರೆಗೆ.

ನಮ್ಮ ಊರಿನ ಕೆರೆಯ ಕೋಡಿ ಬೀಳುವ ಜಾಗದ ಕೆಳಗೆ ಒಂದು ಗುಡಿಸಲುಗೇರಿ ಇತ್ತು. ಮಿಲಿಟರಿ ಲಾರಿಗಳಿಗೆಂದು ರಸ್ತೆ ಅಗಲ ಮಾಡುವಾಗ ಜಲ್ಲಿ ಒಡೆಯಲು ಬಂದವರು, ಮಂಡಿಯಲ್ಲಿ ಮೂಟೆ ಹೊರುವವರು, ಊರಿನ ಕಸ ಎತ್ತುವವರು ಅಲ್ಲಿದ್ದರು. ಕೆಲಸ ಮುಗಿದರೂ ಹೋಗಲು ಅವರಿಗೆ ಬೇರೆ ಊರಿರಲಿಲ್ಲ. ಗೋಣಿತಟ್ಟು, ಈಚಲ ಗರಿ, ಬಡಿದು ಚಪ್ಪಟೆ ಮಾಡಿದ ಸೀಮೆಎಣ್ಣೆ ಡಬ್ಬ, ಇವುಗಳಿಂದ ಎದ್ದ ಮನೆಗಳು. ಕೆರೆ ತುಂಬಿದ ವರ್ಷ ನೆಲದೊಳಗಿಂದಲೇ ನೀರು ಒಸರುತ್ತಿತ್ತು. ಮಕ್ಕಳನ್ನು ಕಲ್ಲಿನ ಮೇಲೆ ಹಲಗೆ ಹಾಸಿ ಮಲಗಿಸುತ್ತಿದ್ದರು.

ಅಲ್ಲಿ ನಾಗಮ್ಮ ಎಂಬ ಹೆಂಗಸು. ಜಲ್ಲಿ ಒಡೆಯುವವಳು, ವಿಧವೆ, ಮದುವೆಯಾದ ಒಬ್ಬ ಮಗ. ಕೇರಿಯ ಪರವಾಗಿ ಮಾತಾಡುವುದೆಂದರೆ ಅವಳೇ. ಪ್ಲೇಗಿನ ಸೂಜಿ ಹಾಕಲು ಹೋದ ದಿನ ಅವಳು ದಾರಿಗೆ ಅಡ್ಡ ನಿಂತಳು.

"ನೀವ್ ಮೊದ್ಲು ಚುಚ್ಚುಸ್ಕಳಿ ಸಾಯೇಬ್ರೆ. ಆಮೇಲ್ ನೋಡಾನ."

ಅವರು ಕೋಟು ಬಿಚ್ಚಿ ತೋಳು ಕೊಟ್ಟರು. ಮೊದಲ ಸಾಲಿನವರು ಮುಂದೆ ಬಂದರು. ಎರಡನೆಯ ಸಾಲಿನವರು, ನಾವು ನೋಡಲಿಲ್ಲವಲ್ಲ ಎಂದರು. ಮತ್ತೆ ತೋಳು ಕೊಟ್ಟರು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಕಾಂಪೌಂಡರ್ ಹೆದರಿ, ಗುಟ್ಟಾಗಿ ಬರೀ ಕಾಯಿಸಿ ಆರಿಸಿದ ನೀರು ತುಂಬಿ ಚುಚ್ಚಿದ. ಆಮೇಲೆ ಸಾಹೇಬರಿಗೆ ತಾನೇ ಹೇಳಿದ. ಮೂರು ದಿನ ಜ್ವರದಲ್ಲಿ ಮಲಗಿ ಎದ್ದು ಬಂದವರು ನನ್ನೆದುರು, "ಆ ಹೆಂಗಸಿಗೆ ಸುಳ್ಳು ಹೇಳ್ದಂಗಾಯ್ತಲ್ಲ" ಎಂದು ಅದೊಂದನ್ನೇ ಹೇಳಿಕೊಂಡರು. ಕೊನೆಗೆ ಅವಳ ಬಳಿಯೇ ಹೋಗಿ ಒಪ್ಪಿಕೊಂಡರು. ನಾನೂ ಜೊತೆಗಿದ್ದೆ.

ನಾಗಮ್ಮ ಸುತ್ತಿಗೆ ಕೆಳಗಿಡಲಿಲ್ಲ. "ಗೊತ್ತಿತ್ತು ಬಿಡಿ. ನಿಮ್ ಮುಖ ಆಗ್ಲೇ ಬಾಡೋಗಿತ್ತು. ಇನ್ನೊಂದ್ ಚುಚ್ಚುದ್ರೆ ಈವಯ್ಯ ಸತ್ತೋಯ್ತಾರೆ, ಆಮೇಲ್ ನಮ್ ಕೇರಿಗ್ ಬರೋರ್ಯಾರು ಅಂತ ನಾನೂ ಸುಮ್ಕಾದೆ" ಎಂದಳು.

ಆ ಕೇರಿಯನ್ನು ತೆಗೆಸಿ ಬೇರೆ ಕಡೆ ಮನೆ ಕಟ್ಟಿಸಿಕೊಡಬೇಕೆಂದು ಅವರು ವರ್ಷಗಟ್ಟಲೆ ಬರೆದರು. ಯಾರೂ ಓದಲಿಲ್ಲ. ಒಂದು ಬೇಸಿಗೆಯಲ್ಲಿ ಕಾಲರಾ ಬಂತು. ಕೇರಿಯಲ್ಲಿ ಸತ್ತವರಿಗಾಗಿ ಏಳದ ಮಾತು, ಪೇಟೆಬೀದಿಗೂ ಬಂದಾಗ ಎದ್ದಿತು. ಪುರಸಭೆಯ ಸಭೆ ಕೂಡಿತು. ಗುಡಿಸಲುಗಳು ವಾಸಕ್ಕೆ ಯೋಗ್ಯವಲ್ಲ ಎಂದು ಇನ್‌ಸ್ಪೆಕ್ಟರು ಸರ್ಟಿಫಿಕೇಟು ಕೊಟ್ಟರೆ ತೆರವು ಮಾಡಬಹುದು, ಊರ ಹೊರಗೆ ಹೊಸ ಮನೆಗಳನ್ನು ಕಟ್ಟಬಹುದು ಎಂದು ತೀರ್ಮಾನವಾಯಿತು.

ಅವರು ಹಿಗ್ಗಿದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಮೊದಲ ಸರ್ಟಿಫಿಕೇಟನ್ನು ಒಂದೇ ಉಸಿರಿಗೆ ಹೇಳಿ ಬರೆಸಿದರು. ಸಹಿ ಹಾಕಿ, ಕಚೇರಿಯವರಿಗೆಲ್ಲ ಬೆಲ್ಲದ ಚಹಾ ತರಿಸಿದರು. ಒಂದು ಹಾಳೆಯ ಮೇಲೆ ತಾವೇ ಮನೆಯ ಚಿತ್ರ ಗೀಚಿದರು. ಎರಡು ಕಿಟಕಿ, ಹೊರಗೆ ಜಗಲಿ, ನಾಲ್ಕು ಮನೆಗೊಂದು ಕಕ್ಕಸು. "ಕಿಟಕಿ ಎದುರುಬದುರು ಇರಬೇಕು ಕಣಯ್ಯ, ಗಾಳಿ ಒಳಗೆ ಬಂದ್ರೆ ಸಾಲದು, ಹೋಗಬೇಕು" ಎಂದರು. ಆ ಹಾಳೆ ಓವರ್‌ಸಿಯರ ಮೇಜಿನ ಮೇಲೆ ಕೆಲವು ದಿನ ಇತ್ತು.

ಹೊಸ ಜಾಗಕ್ಕೆ ಬಂಡೆಮೇಲು ಎಂದು ಹೆಸರು. ಊರಿನಿಂದ ಎರಡು ಮೈಲಿ. ಬೇಸಾಯಕ್ಕೆ ಬಾರದ ನೆಲ, ಆದ್ದರಿಂದ ಯಾರ ತಕರಾರೂ ಇರಲಿಲ್ಲ. ಯುದ್ಧದ ಕಾಲ, ಮರವಿಲ್ಲ, ಹೆಂಚಿಲ್ಲ. ಗೋಡೆ ಕಲ್ಲಿನವು, ಮೇಲೆ ತಗಡು. ಒಂದೇ ಕಿಟಕಿ. ಬಾವಿ ತೋಡಿದರು, ಹತ್ತಾಳು ಆಳಕ್ಕೆ ಬಂಡೆ ಸಿಕ್ಕಿ ನಿಲ್ಲಿಸಿದರು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ ಮನೆ ಹಂಚಬೇಕು, ಅದಕ್ಕೆ ಮೊದಲು ಇನ್ನೊಂದು ಸರ್ಟಿಫಿಕೇಟು ಬೇಕು. ಈ ಮನೆಗಳು ವಾಸಕ್ಕೆ ಯೋಗ್ಯ ಎಂದು.

ಪುರಸಭೆಯ ಅಧ್ಯಕ್ಷರು ನನ್ನ ಕೈಯಲ್ಲೇ ಆ ಕಾಗದ ಕಳಿಸಿದರು. ಸಾಹೇಬರು ಅದನ್ನು ಎರಡು ಸಲ ಓದಿಸಿ ಕೇಳಿ, ಸಹಿ ಹಾಕದೆ ಜೇಬಿನಲ್ಲಿಟ್ಟುಕೊಂಡು ಅಧ್ಯಕ್ಷರ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಒಂದು ತಿಂಗಳು ಟೈಮು ಕೊಡಿ ಸ್ವಾಮಿ. ನಾನು ಅಲ್ಲಿದ್ದು ನೋಡ್ತೀನಿ."

"ಇದ್ದು ನೋಡ್ತೀರಾ? ಅಂದ್ರೆ?"

"ಒಂದು ಮನೇಲಿ ಸಂಸಾರ ಮಾಡ್ತೀನಿ. ಮಾಡಕ್ಕಾದ್ರೆ ಯೋಗ್ಯ ಅಂತ ಬರೀತೀನಿ."

ಅಧ್ಯಕ್ಷರು ಕೆಟ್ಟವರಲ್ಲ. ನಕ್ಕರು. "ನಿಮ್ಮಿಷ್ಟ ಸಾಹೇಬರೇ. ಮಳೆಗೆ ಮುಂಚೆ ಕೆಲಸ ಆಗಬೇಕು, ಅಷ್ಟೆ" ಎಂದರು.

ಒಂದು ಎತ್ತಿನ ಗಾಡಿಯಲ್ಲಿ ಟ್ರಂಕು, ಎರಡು ಹಾಸಿಗೆ, ಪಾತ್ರೆ, ಅವರ ಹೆಂಡತಿ. ಅವರು ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು. ಮಕ್ಕಳನ್ನು ಹೊಸಕೋಟೆಯ ಅಜ್ಜಿಯ ಮನೆಗೆ ಕಳಿಸಿದ್ದರು. ಪೇಟೆಯವರು ಅಂಗಡಿ ಮುಂದೆ ನಿಂತು ನೋಡಿದರು. ಸಾಹೇಬರಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ಪುಕ್ಕಟೆ ಮನೆ ಹೊಡೆದುಕೊಳ್ಳುವ ಉಪಾಯ ಎಂದರು ಇನ್ನು ಕೆಲವರು.

ಭಾನುವಾರ ನಾನು ನೋಡಲು ಹೋದೆ. ಚೈತ್ರದ ಬಿಸಿಲು. ತಗಡು ಚಟಚಟ ಎನ್ನುತ್ತಿತ್ತು. ಇಬ್ಬರೂ ಗೋಡೆಯ ನೆರಳಿನಲ್ಲಿ ಹೊರಗೆ ಕೂತಿದ್ದರು. ಆಕೆ ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದರು.

"ಬಾ ತಮ್ಮ. ಒಳಗೆ ಹೋಗ್ಬೇಡ, ಬೆಂದ್ಹೋಗ್ತೀಯ. ಬೆಳಗ್ಗೆ ಎಂಟಕ್ಕೆ ಈಚೆ ಬಂದ್ರೆ ಸಾಯಂಕಾಲಾನೇ ಒಳಗೆ. ಇವರೇನೋ ಆಫೀಸಿಗೆ ಹೋಗ್ತಾರೆ. ನಾನು ನೆರಳಿನ ಹಿಂದೆ ಮನೆ ಸುತ್ತ ತಿರುಗ್ತೀನಿ."

"ನೀರು ಎಲ್ಲಿಂದ ಅಕ್ಕ?" ಎಂದೆ.

ಆಕೆ ಕೆಳಗಿನ ಹೊಲದ ಬಾವಿ ತೋರಿಸಿದರು. ಹೊಲದ ಯಜಮಾನರು ಸಾಹೇಬರ ಮನೆಯವರೆಂದು ಬೇಡ ಎನ್ನಲಿಲ್ಲವಂತೆ, ಅವರ ಆಳೇ ಸೇದಿ ಕೊಡುತ್ತಿದ್ದನಂತೆ. ಸಾಹೇಬರು ತಲೆಯಾಡಿಸಿ, "ನೀರು ಒಂದು ತೊಂದರೆಯಿಲ್ಲ. ತಗಡಿನ ಮೇಲೆ ಏನಾದ್ರೂ ಹಾಕಿಸಿದ್ರೆ..." ಎಂದು ಶುರು ಮಾಡಿದರು.

ಆಕೆ ಅರ್ಧಕ್ಕೇ ತಡೆದರು. "ನಮಗೆ ಕೊಡ್ತಾರೆ. ನಾಗಮ್ಮಂಗೆ ಕೊಡ್ತಾರಾ?"

ಅವರು ಹೊಲದ ಬಾವಿಯ ಕಡೆ ತಿರುಗಿ ನೋಡಿದರು.

"ಆ ಬಾವಿ ಹತ್ರಕ್ಕೆ ಅವಳನ್ನ ಬಿಡ್ತಾರಾ, ಹೇಳಿ. ನೀವು ನಮ್ಮ ಸಂಸಾರ ನೋಡ್ತಿದ್ದೀರ. ಇಲ್ಲಿ ಇರೋದು ಅವರ ಸಂಸಾರ."

ಅವರ ಮುಖ ಆಗ ಹೇಗಾಯಿತೆಂದರೆ, ಇಷ್ಟು ವರ್ಷ ಎಲ್ಲವನ್ನೂ ನೋಡಿ ಬರೆಸಿದವರು ಇದೊಂದನ್ನು ಹೇಗೆ ನೋಡದೆ ಹೋದೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಂತೆ. ಮರುದಿನದಿಂದ ಹೊಲದ ಬಾವಿಯ ನೀರು ತರುವುದನ್ನು ತಾವೇ ನಿಲ್ಲಿಸಿದರು. ನಸುಕಿನಲ್ಲಿ ಇಬ್ಬರೂ ಎರಡು ಮೈಲಿ ನಡೆದು ಊರಿನ ಕೆರೆಯಿಂದ ತಂದರು. ಆಕೆಯ ತಲೆಯ ಮೇಲೊಂದು ಬಿಂದಿಗೆ, ಅವರ ಸೈಕಲ್ಲಿಗೆ ಎರಡು. ಹತ್ತನೆಯ ದಿನಕ್ಕೆ ಆಕೆಯ ಮಂಡಿ ಊದಿಕೊಂಡಿತು. ಹೊಸಕೋಟೆಗೆ ಹೋಗೆಂದರೂ ಹೋಗಲಿಲ್ಲ. "ತಿಂಗಳು ಅಂದಿದ್ದೀರಿ, ತಿಂಗಳು ಆಗಲಿ" ಎಂದರು.

ತಿಂಗಳಾದ ಮೇಲೆ ವರದಿ ಬರೆಸಿದರು. ಮಧ್ಯಾಹ್ನ ಒಳಗೆ ಇಟ್ಟ ಹಾಲು ಒಡೆಯುವುದು, ನೀರಿಗೆ ಹೋಗಿಬರುವ ಹೊತ್ತಿನಲ್ಲಿ ಒಬ್ಬರ ಅರ್ಧ ದಿನದ ಕೂಲಿ ತಪ್ಪುವುದು, ಹೆತ್ತ ಹೆಂಗಸನ್ನು ಹಗಲು ಮಲಗಿಸಲು ಜಾಗವಿಲ್ಲದಿರುವುದು. ಒಂದು ಕಡೆಯೂ ಜೋರು ಮಾತಿರಲಿಲ್ಲ. ಕೊನೆಗೆ, ಬಾವಿಯಲ್ಲಿ ನೀರು ಬರುವವರೆಗೆ ಈ ಮನೆಗಳು ವಾಸಕ್ಕೆ ಯೋಗ್ಯವಲ್ಲ ಎಂದು ಹೇಳಿ ಸಹಿ ಹಾಕಿದರು.

ಅಧ್ಯಕ್ಷರು ಓದಿ ಕಾಗದವನ್ನು ಮೇಜಿನ ಡ್ರಾಯರಿನಲ್ಲಿಟ್ಟರು. ಬೈಯಲಿಲ್ಲ. "ನಿಮ್ಮ ಮಾತು ನಿಜ ಸಾಹೇಬರೇ. ಆದರೆ ನಾನೇನು ಮಾಡಲಿ? ಬಂಡೆ ಒಡೆಯೋ ಮದ್ದಿಗೆ ಯುದ್ಧ ಮುಗಿಯೋವರೆಗೂ ಪರ್ಮಿಷನ್ ಸಿಗಲ್ಲ" ಎಂದರು. ಅದೂ ನಿಜವೇ.

ವೈಶಾಖ ಕಳೆಯಿತು. ಮುಂಗಾರಿನ ಮೋಡ ಎದ್ದ ಒಂದು ಮಧ್ಯಾಹ್ನ ನಾಗಮ್ಮ ಕಚೇರಿಗೇ ಬಂದಳು. ಮೆಟ್ಟಿಲ ಕೆಳಗೆ ನಿಂತು ಸಾಯೇಬ್ರನ್ನ ಕರೀರಿ ಎಂದಳು. ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಕಿಟಕಿಯ ಹತ್ತಿರವಿದ್ದೆ.

"ಏನ್ ಸಾಯೇಬ್ರೆ, ಸೈನ್ ಆಕಾಕಿಲ್ಲ ಅಂದ್ರಂತೆ?"

"ಅಲ್ಲಿ ನೀರಿಲ್ಲ ನಾಗಮ್ಮ. ನಾನೇ ಇದ್ದು ನೋಡ್ದೆ."

"ಇಲ್ ಏನೈತೆ ಅಂತ ಬಂದ್ ನೋಡಿದ್ರಾ, ಈ ತಿಂಗ್ಳು?"

ಅವರು ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಇದು ಯೋಗ್ಯ ಅಲ್ಲ ಅಂತ ನೀವು ಬರುದ್ರಿ. ಅವತ್ತಿಂದ ಕಸದ್ ಗಾಡಿ ನಿಂತೋಯ್ತು. ನಾಳೆ ಕಿತ್ತಾಕೋ ಕೇರಿಗ್ ಯಾಕೆ ಅಂತಾರೆ. ಬೀದಿದೀಪ ಕಿತ್ಕೊಂಡೋದ್ರು. ಈಗ ಅದೂ ಯೋಗ್ಯ ಅಲ್ಲ ಅಂತ ಬರ್ದಿದ್ದೀರಿ. ನೀವ್ ಎರಡೂ ನಿಜವೇ ಬರ್ದಿದ್ದೀರಿ. ನಾವು ಆ ಎರಡ್ ಕಾಗ್ದದ್ ನಡುವೆ ಎಲ್ ಕಾಲಿಡಾನ?" ಅವಳ ದನಿ ಏರಲಿಲ್ಲ. "ಸೊಸೆ ಬಸ್ರಿ. ಇನ್ನೊಂದ್ ಮಳೆ ಬಿದ್ರೆ ನೆಲ ಒಸರ್ತೈತೆ. ಕಲ್ ಗೋಡೆ ಒಂದಿದ್ರೆ ಸಾಕು. ನೀರ್ ನಾನ್ ಒರ್ತೀನಿ. ಇಷ್ಟ್ ವರ್ಸ ಕಲ್ ಒತ್ತಿಲ್ವಾ?"

ಅವಳು ಹೋದ ಮೇಲೆ ಅವರು ಒಳಗೆ ಬಂದು, ದಿನವೂ ಒಂದು ನೀರಿನ ಗಾಡಿ ಬಂಡೆಮೇಲಿಗೆ ಹೋಗಬೇಕು ಎಂಬ ಷರತ್ತನ್ನು ಬರೆಸಿದರು. ಅಧ್ಯಕ್ಷರು ಒಪ್ಪಿದರು. ಎರಡನೆಯ ಸರ್ಟಿಫಿಕೇಟಿಗೆ ಸಹಿ ಬಿತ್ತು. ಮೊದಲನೆಯದಕ್ಕೆ ಸರಾಗವಾಗಿ ಓಡಿದ್ದ ಆ ಕೈ ಅಂದು ಹೆಸರಿನ ನಡುವೆ ಒಮ್ಮೆ ನಿಂತು ಮತ್ತೆ ಮುಂದುವರಿಯಿತು.

ಕೇರಿ ಖಾಲಿಯಾಯಿತು. ಗುಡಿಸಲುಗಳಿಗೆ ಬೆಂಕಿ ಹಾಕಿದರು. ನೀರಿನ ಗಾಡಿ ಕೆಲವು ವಾರ ತಪ್ಪದೆ ಹೋಯಿತು. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಎತ್ತುಗಳು ರಸ್ತೆ ಕೆಲಸಕ್ಕೆ ಬೇಕಾದವು. ಚಳಿಗಾಲದ ಹೊತ್ತಿಗೆ ಮೂಟೆ ಹೊರುವವರ ಸಂಸಾರಗಳು ಒಂದೊಂದಾಗಿ ಕೋಡಿಯ ಕೆಳಕ್ಕೇ ವಾಪಸಾಗಿ, ಸುಟ್ಟ ನೆಲದ ಮೇಲೆ ಮತ್ತೆ ಗೋಣಿತಟ್ಟು ಕಟ್ಟಿದವು. ಮಂಡಿಗೆ ಬೆಳಗಿನ ಲೋಡು ಬರುವ ಹೊತ್ತಿಗೆ ಎರಡು ಮೈಲಿ ನಡೆದು ಮುಟ್ಟಲಾಗುತ್ತಿರಲಿಲ್ಲ.

ಸಾಹೇಬರು ಮಾತ್ರ ಪೇಟೆಯ ತಮ್ಮ ಮನೆಗೆ ಹಿಂತಿರುಗಲಿಲ್ಲ. ಬಂಡೆಮೇಲಿನ ಕೊನೆಯ ಮನೆಯಲ್ಲೇ ಉಳಿದರು. ನಾನು ಕೇಳಿದ್ದಕ್ಕೆ, "ಸಹಿ ಹಾಕಿದ್ದೀನಲ್ಲಪ್ಪ" ಎಂದರು, ಅಷ್ಟೆ.

ಬಾವಿಯ ಯೋಚನೆ ಬಂದದ್ದು ನಾಗಮ್ಮನ ಮಗನಿಗೆ. ಮದ್ದಿಲ್ಲದಿದ್ದರೇನು, ಬೆಂಕಿ ಹಾಕಿ ಬಂಡೆ ಎಬ್ಬಿಸುವುದು ತಮ್ಮ ಹಿರಿಯರ ಕಸುಬು ಎಂದ. ಕೂಲಿಯಿಲ್ಲದ ದಿನ ಬಾವಿಗಿಳಿದು ಒಣ ಪೊದೆ ಒಟ್ಟಿ ಉರಿಸುವರು. ಬಂಡೆ ಕಾದು ಬಿರುಕು ಬಿಟ್ಟ ಮೇಲೆ ಉಳಿ ಹಾಕಿ ಎಬ್ಬಿಸುವರು. ಒಂದು ದಿನಕ್ಕೆ ಒಂದು ಗೇಣೂ ಇಳಿಯುತ್ತಿರಲಿಲ್ಲ. ಸಾಹೇಬರು ಕಚೇರಿ ಮುಗಿಸಿ ಬಂದು ಬುಟ್ಟಿ ಎಳೆಯಲು ನಿಲ್ಲುತ್ತಿದ್ದರು. ಭಾನುವಾರ ನಾನೂ ಎಳೆದಿದ್ದೇನೆ, ಅಂಗೈ ಸುಲಿದಿದೆ. ಬೇಸಿಗೆಗೆ ನೀರು ಕಂಡಿತು. ಬಾಯಿಗಿಟ್ಟರೆ ಸವುಳು. ಪಾತ್ರೆ, ಬಟ್ಟೆ, ಮಕ್ಕಳ ಸ್ನಾನಕ್ಕಾಯಿತು. ಕುಡಿಯುವ ನೀರಿಗೆ ಹಳೆಯ ದಾರಿಯೇ. ಯಾರೂ ಕೇಕೆ ಹಾಕಲಿಲ್ಲ. ನಾಗಮ್ಮ, "ಅರ್ದ ಬಂತಲ್ಲ" ಎಂದಳು.

ಅದರ ಮುಂದಿನ ತಿಂಗಳೇ ಅವರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಅಧ್ಯಕ್ಷರು ಹಾರ ಹಾಕಿದರು. ಆಕೆ ಗಾಡಿಯಿಂದ ಇಳಿಯಲಿಲ್ಲ. ಮಂಡಿ ಮೊದಲಿನಂತಾಗಲೇ ಇಲ್ಲ.

ಯುದ್ಧ ಮುಗಿಯಿತು. ಸ್ವರಾಜ್ಯ ಬಂತು. ಬಂಡೆಮೇಲಿನಲ್ಲಿ ಎರಡನೆಯ ಸಾಲು ಮನೆಗಳನ್ನು ಕಟ್ಟಿದರು. ಹೊಸ ಇನ್‌ಸ್ಪೆಕ್ಟರಿಗೆ ಕೆಲಸ ಬಹಳ. ಅವರು ನನ್ನನ್ನು ಕರೆದು, "ಹಳೇ ಸರ್ಟಿಫಿಕೇಟು ಇದೆಯಲ್ಲ, ಅದೇ ಥರ ಒಂದು ಬರೆದು ತಂದುಬಿಡಿ" ಎಂದರು. ನಾನು ದುಂಡಕ್ಷರದಲ್ಲಿ ಬರೆದುಕೊಟ್ಟೆ. ಅವರು ನಿಂತಲ್ಲೇ ಸಹಿ ಹಾಕಿದರು.

ಇದಾದ ಕೆಲವು ತಿಂಗಳಿಗೆ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಸಾಹೇಬರು ಸಿಕ್ಕರು. ನಿವೃತ್ತರಾಗಿದ್ದರು. ಹ್ಯಾಟಿರಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಮಕ್ಕಳ ಕ್ಷೇಮ ಕೇಳಿದರು. ನಾಗಮ್ಮ ಇದ್ದಾಳೆ ಎಂದೆ, ತಗಡಿನ ಮೇಲೆ ಗರಿ ಹಾಸಿಕೊಂಡಿದ್ದಾರೆ ಎಂದೆ. "ಹಾಸಕ್ಕೆ ಬಿಟ್ಟಿದ್ದಾರಾ? ಒಳ್ಳೇದಾಯ್ತು" ಎಂದರು. ಎರಡನೆಯ ಸಾಲಿನ ಸುದ್ದಿಯನ್ನೂ ನಾನೇ ಹೇಳಿದೆ. ಹೇಳಬಾರದಿತ್ತು.

"ಹೌದಾ? ಯಾರು ಹೋಗಿ ನೋಡಿದ್ರು?"

ನಾನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದೆ. ಅವರು ನನ್ನ ಮುಖ ನೋಡಿದರು, ಬೇರೆ ಕಡೆ ನೋಡಿದರು, ಮತ್ತೆ ಕೇಳಲಿಲ್ಲ. "ನಿನ್ನ ಬಸ್ಸು ಹೊರಡ್ತಿದೆ ನೋಡು, ಹತ್ತಪ್ಪ" ಎಂದು ಬೆನ್ನು ತಟ್ಟಿದರು. ಅದೇ ಕಡೆಯ ಭೇಟಿ.

ಮುಂದಿನ ಭಾನುವಾರ ನಾನು ಬಂಡೆಮೇಲಿಗೆ ನಡೆದುಹೋದೆ. ಎರಡನೆಯ ಸಾಲಿನ ಮೊದಲ ಮನೆಯ ಮುಂದೆ ಗುರುತಿಲ್ಲದ ಹೆಂಗಸೊಬ್ಬಳು ರಾಗಿ ಕೇರುತ್ತಿದ್ದಳು. ನನ್ನ ಪಂಚೆ, ಕೋಟು ನೋಡಿ ಗಾಬರಿಯಿಂದ ಎದ್ದು ನಿಂತಳು.

"ಯಾರ್ನ ನೋಡ್ಬೇಕಿತ್ತು ಬುದ್ಧಿ?"

"ಯಾರನ್ನೂ ಅಲ್ಲಮ್ಮ. ಮನೆ ನೋಡ್ಬೇಕಿತ್ತು."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಾಗಿಲು ಬಹಳ ತಗ್ಗಾಗಿತ್ತು. ತಲೆ ಬಗ್ಗಿಸಿ ಒಳಗೆ ಹೋದೆ.